ಬಾದಲ್‌ನ ಬಾಯಿಗೆ ಯಾವ ಕಡಿವಾಣ? ಮೈಸೂರಿನ ಒಂದು ಟಾಂಗಾ ಕುದುರೆಯ ಪ್ರಕರಣ

"ಎಳೆದಷ್ಟೂ ಜಾಸ್ತಿ ಓಡ್ತಾನೆ ಡಾಕ್ಟ್ರಮ್ಮ. ನಿಲ್ಲೋದೇ ಇಲ್ಲ."

ಮೈಸೂರಿನಲ್ಲಿ 40 ವರ್ಷದಿಂದ ಟಾಂಗಾ ಓಡಿಸುತ್ತಿರುವ ಹಿರಿಯರೊಬ್ಬರು ಜುಲೈ ತಿಂಗಳ ಒಂದು ಬೆಳಿಗ್ಗೆ ನನಗೆ ಹೇಳಿದ ಮಾತು ಇದು. ನಾನು ಪಶುವೈದ್ಯೆ. ಅವರನ್ನು ಚಾಚಾ ಅಂತಲೇ ಕರೆಯುವುದು. ಅವರ ಹಳೇ ಹೆಣ್ಣು ಕುದುರೆಯ ಕಾಲು, ಗೊರಸು, ಹೊಟ್ಟೆನೋವು ಎಲ್ಲಕ್ಕೂ ವರ್ಷಗಳಿಂದ ಆ ಲಾಯಕ್ಕೆ ಹೋಗಿಬರುತ್ತಿದ್ದೇನೆ. ಈ ಸಲದ ತೊಂದರೆ ಹೊಸ ಕುದುರೆಯದು. ಹೆಸರು ಬಾದಲ್. ಬೂದು ಬಣ್ಣ, ಒಂಬತ್ತು ವರ್ಷ, ಬೀಜ ತೆಗೆಸಿದ ಗಂಡು. ಹಿಂದೆ ರೇಸ್‌ನಲ್ಲಿ ಓಡಿದವನು. ರೇಸ್ ಬಿಟ್ಟ ಮೇಲೆ ಎರಡು ಕೈ ದಾಟಿ ಚಾಚಾ ಹತ್ತಿರ ಬಂದು ಐದು ತಿಂಗಳಾಗಿತ್ತು.

ಅವರ ಮಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಅರಮನೆ ಹತ್ತಿರದ ರಸ್ತೆ. ಮುಂದೆ ಸಿಗ್ನಲ್ ಬಿದ್ದಿದೆ. ಚಾಚಾ ಹಿಂದಕ್ಕೆ ಬಾಗಿ ಎರಡೂ ಕೈಯಲ್ಲಿ ಎಳೆಯುತ್ತಿದ್ದಾರೆ. ಕುದುರೆ ಬಾಯಿ ಅಗಲ ತೆರೆದಿದೆ, ನಾಲಿಗೆ ಎಡಗಡೆ ಹೊರಗೆ ಜೋತುಬಿದ್ದಿದೆ, ಆದರೂ ಮುಂದಕ್ಕೆ ನುಗ್ಗುತ್ತಲೇ ಇದೆ. ಕೊನೆಗೆ ನಿಂತಿದ್ದು ಒಂದು ಆಟೋದಿಂದ ಮೊಳದಷ್ಟು ದೂರದಲ್ಲಿ. ವಿಡಿಯೋದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿಷಯ. ಎಡಕ್ಕೆ ತಿರುಗುವಾಗ ಕುದುರೆ ಸುಮ್ನೆ ತಿರುಗುತ್ತದೆ. ಬಲಕ್ಕೆ ತಿರುಗಿಸಿದಾಗ ಮಾತ್ರ ತಲೆಯನ್ನು ಪಟಾರನೆ ಮೇಲಕ್ಕೆ ಎಸೆಯುತ್ತದೆ. ಬರೀ ಹಟಮಾರಿ ಕುದುರೆಯಾಗಿದ್ದರೆ ಎರಡೂ ಕಡೆಗೂ ಒಂದೇ ತರ ಮಾಡಬೇಕಿತ್ತು, ಅಲ್ವಾ? ಒಂದೇ ಕಡೆ ಮಾಡುತ್ತಿದೆ ಅಂದರೆ ಅಲ್ಲೇನೋ ನೋಯುತ್ತಿದೆ.

ಚಾಚಾ ಕೇಳಿದ್ದು ಸರಳ ಪ್ರಶ್ನೆ. "ಇವನಿಗೆ ಇನ್ನೂ ಗಟ್ಟಿ ಲಗಾಮು ಯಾವುದಿದೆ?"

ಮಾತಿನಲ್ಲಿ ಲಗಾಮು, ಕಡಿವಾಣ ಎರಡೂ ಕಲಸಿಹೋಗುತ್ತವೆ. ಚಾಚಾ ಎರಡಕ್ಕೂ ಲಗಾಮ್ ಅಂತಾರೆ. ಇಲ್ಲಿ ಗೊಂದಲ ಬೇಡ ಅಂತ ಬಾಯೊಳಗಿನ ಕಬ್ಬಿಣಕ್ಕೆ ಕಡಿವಾಣ, ಕೈಯಲ್ಲಿ ಹಿಡಿಯುವ ಪಟ್ಟಿಗೆ ಲಗಾಮು ಎಂದು ಬರೆಯುತ್ತೇನೆ.

ಆ ದಿನ ಬಾದಲ್ ಬಾಯಲ್ಲಿದ್ದದ್ದು ಕಾಂಟಾ ಲಗಾಮು, ಅಂದರೆ ಮುಳ್ಳಿನ ಕಡಿವಾಣ. ಅಡ್ಡ ಕಂಬಿಯ ಮೇಲೆ ಉರುಳುವ ಬಿಲ್ಲೆಗಳು, ಬಿಲ್ಲೆಗಳ ಅಂಚಿಗೆ ಚೂಪು ಮೊನೆಗಳು. ಮೂರು ವಾರದ ಹಿಂದೆ ಯಾರೋ ಹೇಳಿದರು ಅಂತ ತಂದು ಹಾಕಿದ್ದರು. ಅದಕ್ಕೆ ಮುಂಚೆ ಇದ್ದದ್ದು ನಡುವೆ ಕೀಲಿರುವ ಸಾದಾ ಕಡಿವಾಣ, ಸ್ನ್ಯಾಫಲ್. ಅದು ಅವರ ಹಿಂದಿನ ದೊಡ್ಡ ಕುದುರೆಯದು. ಅಗಲ 6 ಇಂಚು.

ಮುಳ್ಳಿನ ಕಡಿವಾಣ ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1965ರಲ್ಲಿ ನಿಯಮಗಳು ಬಂದವು. ಅದರ 8ನೇ ನಿಯಮ ಇದನ್ನು ನೇರವಾಗಿ ನಿಷೇಧಿಸುತ್ತದೆ. ಮುಳ್ಳು, ಗಂಟು, ಮೊನೆ ಇರುವ ಯಾವ ಕಡಿವಾಣವನ್ನೂ ಹಾಕುವಂತಿಲ್ಲ. ಚಾಚಾಗೆ ಇದನ್ನು ಹೇಳಿದೆ. ಅವರು ತಲೆ ತಗ್ಗಿಸಿದರು. "ಗಾಡಿಯಲ್ಲಿ ಮಕ್ಕಳು ಕೂತಿರ್ತಾರಮ್ಮ. ನಿಲ್ಲಲಿಲ್ಲ ಅಂದ್ರೆ ನಾನೇನು ಮಾಡಲಿ?" ಅಂದರು. ಆ ಭಯ ನಿಜವಾದದ್ದು. ಕಾನೂನು ಹೇಳಿ ಎದ್ದುಬಂದಿದ್ದರೆ ಅವರ ಸಮಸ್ಯೆ ಅಲ್ಲೇ ಉಳಿಯುತ್ತಿತ್ತು.

ಬಾಯಿ ತೆರೆದು ನೋಡಿದಾಗ

ಕುದುರೆಯ ಕೆಳದವಡೆಯಲ್ಲಿ ಮುಂದಿನ ಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಖಾಲಿ ಜಾಗವಿದೆ. ಕಡಿವಾಣ ಕೂರುವುದು ಅಲ್ಲೇ. ದೇವರೇ ಕಡಿವಾಣಕ್ಕಾಗಿ ಬಿಟ್ಟ ಜಾಗ ಅಂತ ಹೇಳುವವರಿದ್ದಾರೆ. ಬೆರಳಿಟ್ಟು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಒಸಡು ತೀರಾ ತೆಳು. ಅದರ ಕೆಳಗೆ ಮೂಳೆಯ ಅಂಚು ಚಾಕುವಿನ ಬೆನ್ನಿನ ಹಾಗೆ ಎದ್ದು ನಿಂತಿರುತ್ತದೆ. ನಿಮ್ಮ ಮೊಣಕಾಲ ಕೆಳಗೆ, ಕಾಲಿನ ಮುಂದಿನ ಮೂಳೆಯನ್ನು ಒತ್ತಿ ನೋಡಿಕೊಳ್ಳಿ. ಹೆಚ್ಚುಕಡಿಮೆ ಅಂಥದ್ದೇ ಜಾಗ.

ಬಾದಲ್‌ಗೆ ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಬಾಯಿ ತೆರೆದಿಡುವ ಚೌಕಟ್ಟು ಹಾಕಿ, ಟಾರ್ಚ್ ಬಿಟ್ಟು ನೋಡಿದೆ. ಎರಡೂ ಬದಿಯ ಖಾಲಿ ಜಾಗದಲ್ಲಿ ಮುಳ್ಳು ಚುಚ್ಚಿದ ಹುಣ್ಣುಗಳಿದ್ದವು. ಎಡಗಡೆ ಹುಣ್ಣಿನ ಕೆಳಗೆ ಮೂಳೆಯೇ ಸ್ವಲ್ಪ ಗಂಟಾಗಿತ್ತು. ಅದು ಮೂರು ವಾರದಲ್ಲಿ ಆಗುವಂಥದ್ದಲ್ಲ, ಹಳೆಯದು. ಬಾಯಿಯ ಎರಡೂ ಮೂಲೆ ಒಡೆದು, ಒಣಗಿ, ಮತ್ತೆ ಒಡೆದಿದ್ದವು. ಮೇಲಿನ ದವಡೆಹಲ್ಲುಗಳ ಹೊರ ಅಂಚು ಗರಗಸದಂತೆ ಚೂಪಾಗಿ ಕೆನ್ನೆಯ ಒಳಭಾಗ ಗೀರಿತ್ತು. ಎಡ ಮೇಲ್ದವಡೆಯಲ್ಲಿ, ಮೊದಲ ದೊಡ್ಡ ಹಲ್ಲಿನ ಮುಂದೆ, ಕಡಲೆಬೇಳೆಯಷ್ಟು ಸಣ್ಣದೊಂದು ಹಲ್ಲಿನ ತುಂಡು ಸಿಕ್ಕಿತು. ಇದಕ್ಕೆ ವುಲ್ಫ್ ಟೂತ್ ಅಂತಾರೆ. ಕುದುರೆಗೆ ಇದರಿಂದ ಯಾವ ಉಪಯೋಗವೂ ಇಲ್ಲ. ರೇಸ್ ಕುದುರೆಗಳಿಗೆ ಚಿಕ್ಕಂದಿನಲ್ಲೇ ಕಿತ್ತುಬಿಡುತ್ತಾರೆ. ಬಾದಲ್‌ಗೂ ಕಿತ್ತಿರಬೇಕು, ಆದರೆ ಎಡಗಡೆಯದು ಮುರಿದು ಬೇರು ಉಳಿದಿತ್ತು.

ಬಲಕ್ಕೆ ತಿರುಗುವಾಗ ತಲೆ ಎಸೆಯುತ್ತಿದ್ದ ಗುಟ್ಟು ಅಲ್ಲಿತ್ತು. ಕಡಿವಾಣ ಅಳತೆಗಿಂತ ಅಗಲವಾಗಿದ್ದರೆ ಬಾಯಲ್ಲಿ ಅತ್ತಿಂದಿತ್ತ ಜಾರುತ್ತದೆ. ಬಲ ಲಗಾಮು ಎಳೆದಾಗ ಇಡೀ ಕಬ್ಬಿಣ ಬಲಕ್ಕೆ ಸರಿಯುತ್ತದೆ. ಆಗ ಎಡಗಡೆಯ ಉಂಗುರ ಬಂದು ಎಡ ಕೆನ್ನೆಯನ್ನು ಒಳಕ್ಕೆ ಒತ್ತುತ್ತದೆ. ಒಳಗೆ ಆ ಚೂಪು ಬೇರು ಕಾದು ಕೂತಿದೆ. ಪ್ರತಿ ಬಲ ತಿರುವಿನಲ್ಲೂ ಕೆನ್ನೆಗೆ ಒಂದು ಚುಚ್ಚು.

ಬೇರು ಕಿತ್ತೆ. ಹಲ್ಲಿನ ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ಧನುರ್ವಾಯು ಇಂಜೆಕ್ಷನ್ ಕೊಟ್ಟೆ. ಕುದುರೆಗೆ ಧನುರ್ವಾಯು ಬಲು ಸುಲಭವಾಗಿ ಬರುತ್ತದೆ, ಬಂದರೆ ಉಳಿಯುವುದು ಕಷ್ಟ. ಗಾಯ ಸಣ್ಣದಾದರೂ ಇದನ್ನು ಬಿಡಬಾರದು. ನಾಲ್ಕು ವಾರ ಬಾಯಿಗೆ ಯಾವ ಕಡಿವಾಣವನ್ನೂ ಹಾಕಬಾರದು, ಗಾಡಿ ಕಟ್ಟಬಾರದು ಎಂದೆ. ಹುರುಳಿಯನ್ನು ಚೆನ್ನಾಗಿ ಬೇಯಿಸಿ, ಆರಿಸಿ, ಮೆತ್ತಗೆ ಕೊಡಲು ಹೇಳಿದೆ. ನಾಲ್ಕು ವಾರ ಅಂದಾಗ ಚಾಚಾ ಮಗನ ಮುಖ ನೋಡಿದರು. ದುಡಿಯದ ಕುದುರೆಗೂ ಮೇವು ಹಾಕಲೇಬೇಕು. ಹಳೇ ಹೆಣ್ಣು ಕುದುರೆಯನ್ನೇ ಸಂಜೆ ಎರಡು ಸುತ್ತು ಮಾತ್ರ ಓಡಿಸಿಕೊಂಡು ಆ ತಿಂಗಳು ತೂಗಿಸಿದರು. ಆ ಮನೆಯವರು ಬಾದಲ್‌ಗಾಗಿ ಕೊಟ್ಟ ನಿಜವಾದ ಬೆಲೆ ಅದು. ಮುಂದೆ ಕೊಂಡ ಕಡಿವಾಣದ ದುಡ್ಡು ಅದರ ಮುಂದೆ ಏನೂ ಅಲ್ಲ.

ಎಳೆದರೆ ಯಾಕೆ ಓಡುತ್ತಿದ್ದ?

ನೋವು ಅರ್ಧ ಕಾರಣ. ಕುದುರೆ ನೋವಿನಿಂದ ತಪ್ಪಿಸಿಕೊಳ್ಳುವುದು ಓಡಿಯೇ. ನೋವು ಹಿಂದಿನಿಂದ ಬರುತ್ತಿದೆಯೋ ಬಾಯಿಂದ ಬರುತ್ತಿದೆಯೋ ಅಂತ ಯೋಚಿಸುತ್ತಾ ಅದು ನಿಲ್ಲುವುದಿಲ್ಲ.

ಇನ್ನರ್ಧ ಅವನ ಹಳೇ ಪಾಠ. ರೇಸ್‌ನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಿರುತ್ತಾನೆ. ಕುದುರೆ ಆ ಬಿಗಿಯ ಮೇಲೆ ತನ್ನ ಭಾರ ಹಾಕಿಕೊಂಡು ಓಡುತ್ತದೆ. ಗುರಿ ದಾಟಿದ ಮೇಲೆ ಜಾಕಿ ಎದ್ದು ನಿಂತು ಲಗಾಮು ಸಡಿಲ ಬಿಡುತ್ತಾನೆ, ಆಗ ಓಟ ಮುಗಿಯಿತು ಎಂದು ಅರ್ಥ. ಅಂದರೆ ಬಾದಲ್ ಕಲಿತದ್ದು ಹೀಗೆ: ಬಿಗಿ ಇದ್ದರೆ ಓಡು, ಸಡಿಲವಾದರೆ ನಿಲ್ಲು. ಟಾಂಗಾದಲ್ಲಿ ಎಲ್ಲವೂ ಉಲ್ಟಾ. ಚಾಚಾ ನಿಲ್ಲು ಅಂತ ಎಳೆದಾಗ ಅವನು ಕೇಳಿಸಿಕೊಂಡದ್ದು ಓಡು ಅಂತ. ಪಾಪ, ಅವನು ಹೇಳಿದ ಮಾತು ಕೇಳುತ್ತಲೇ ಇದ್ದ.

ಸವಾರಿ ಮಾಡುವವನಿಗೆ ಕಾಲಿದೆ, ಕೂತ ಭಾರವಿದೆ. ಅವುಗಳಿಂದಲೂ ಕುದುರೆಗೆ ಹೇಳಬಹುದು. ಗಾಡಿ ಓಡಿಸುವವನಿಗೆ ದನಿ, ಚಾವಟಿ, ಲಗಾಮು ಇಷ್ಟೇ. ಅದರಲ್ಲೂ ಲಗಾಮು ಬೆನ್ನಿನ ಮೇಲಿನ ಬಳೆಗಳಲ್ಲಿ ಹಾದು ಉದ್ದಕ್ಕೆ ಹೋಗುತ್ತದೆ. ಅದರ ತೂಕವೇ ಬಾಯಿಗೆ ಒಂದು ಭಾರ. ಚಾಚಾ ಗಾಡಿಯಲ್ಲಿ ಇದ್ದದ್ದು ನೈಲಾನ್ ಹಗ್ಗ. ಬೆವರಿಗೆ ಕೈಯಲ್ಲಿ ಜಾರುತ್ತಿತ್ತು, ಜಾರುತ್ತದೆ ಅಂತ ಅವರು ಕೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದರು. ಸುತ್ತಿಕೊಂಡ ಕೈಗೆ ಬೇಗ ಸಡಿಲಿಸಲು ಆಗುವುದಿಲ್ಲ. ಮೊದಲು ಬದಲಾಯಿಸಿದ್ದು ಅದನ್ನು, ಚರ್ಮದ ಪಟ್ಟಿಗೆ.

ಆ ನಾಲ್ಕು ವಾರ ಮುಖಕ್ಕೆ ಬರೀ ಹಾಲ್ಟರ್, ಅಂದರೆ ಬಾಯೊಳಗೆ ಕಬ್ಬಿಣವಿಲ್ಲದ ಮುಖಪಟ್ಟಿ ಕಟ್ಟಿ, ಹಿಂದೆ ನಡೆಯುತ್ತಾ, ಉದ್ದ ಲಗಾಮಿನಲ್ಲಿ ನಡೆಸಿದೆವು. ಚಾಚಾ "ಹೋ..." ಅಂತ ಎಳೆದು ಹೇಳುವುದು. ಒಂದು ಉಸಿರು ಕಾಯುವುದು. ಆಮೇಲೆ ಲಗಾಮನ್ನು ಮೆಲ್ಲಗೆ ಬಿಗಿಯುವುದು. ಕಾಲು ನಿಧಾನವಾದ ಕ್ಷಣವೇ ಕೈ ಬಿಡುವುದು. ಬಿಡುವುದೇ ಮುಖ್ಯ. ಬಿಡದೆ ಹಿಡಿದೇ ಇದ್ದರೆ ಅವನಿಗೆ ಒರಗಿಕೊಳ್ಳಲು ಗೋಡೆ ಸಿಕ್ಕಂತೆ. ಮೊದಲ ವಾರ ಬೇಸರ ಬರುವಷ್ಟು ನಿಧಾನ. ಮೂರನೇ ವಾರಕ್ಕೆ ದನಿಗೇ ನಿಲ್ಲತೊಡಗಿದ. ನಾಲ್ಕನೆಯದರಲ್ಲಿ ಎದೆಪಟ್ಟಿಗೆ ಹಗ್ಗ ಕಟ್ಟಿ ಹಳೇ ಟೈರು ಎಳೆಸಿದೆವು.

ಹಾಗಾದರೆ ಕಡಿವಾಣ ಯಾಕೆ, ಹಾಲ್ಟರಿನಲ್ಲೇ ಓಡಿಸಬಹುದಲ್ಲ ಅಂತ ಚಾಚಾ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಖಾಲಿ ಮೈದಾನದಲ್ಲಾದರೆ ನಾನೂ ಹೂಂ ಅನ್ನುತ್ತಿದ್ದೆ. ಬಸ್ಸು, ಬೈಕು, ಪಟಾಕಿ ಇರುವ ರಸ್ತೆಯಲ್ಲಿ, ಹಿಂದೆ ನಾಲ್ಕು ಜನ ಕೂತಿರುವಾಗ, ಚಾಚಾ ಕೈಗೆ ಒಂದು ಧೈರ್ಯ ಬೇಕಿತ್ತು. ಕೈಗೆ ಧೈರ್ಯ ಇಲ್ಲದಿದ್ದರೆ ಅದು ಮತ್ತೆ ಬಿಗಿಯಾಗುತ್ತದೆ.

ಆಯ್ಕೆ

ಮೊದಲು ಅಳತೆ. ಒಂದು ತೆಳು ಮರದ ಕಡ್ಡಿಗೆ ಬಟ್ಟೆ ಸುತ್ತಿ, ಕಡಿವಾಣ ಕೂರುವ ಕಡೆ ಬಾಯಿಯ ಅಡ್ಡಕ್ಕೆ ಇಟ್ಟು, ಎರಡೂ ತುಟಿಯ ಹೊರಗೆ ಗುರುತು ಹಾಕಿದೆ. 125 ಮಿಲಿಮೀಟರ್. ಎರಡೂ ಬದಿಗೆ ಸ್ವಲ್ಪ ಸ್ವಲ್ಪ ಬಿಟ್ಟರೆ ಅವನಿಗೆ ಬೇಕಾದದ್ದು 5¼ ಇಂಚಿನದು. ಹಾಕಿದ್ದು 6 ಇಂಚಿನದು. ಮುಕ್ಕಾಲು ಇಂಚು ಕೇಳುವುದಕ್ಕೆ ಏನೂ ಅಲ್ಲ, ಬಾಯೊಳಗೆ ಬಹಳ ಜಾಸ್ತಿ.

ನನ್ನ ಮೊದಲ ಆಯ್ಕೆ ತಪ್ಪಾಯಿತು. ಬಾಯಿ ಹುಣ್ಣಾಗಿತ್ತಲ್ಲ, ಮೆತ್ತಗಿರಲಿ ಅಂತ ರಬ್ಬರ್ ಹೊದಿಸಿದ ದಪ್ಪನೆಯ, ನಡುವೆ ಕೀಲಿದ್ದ ಕಡಿವಾಣ ತಂದೆ. ದಪ್ಪ 22 ಮಿಲಿಮೀಟರ್. ದಪ್ಪ ಇದ್ದರೆ ಒತ್ತಡ ಹರಡುತ್ತದೆ, ನೋವು ಕಡಿಮೆ ಅಂತ ಎಲ್ಲರೂ ನಂಬುತ್ತಾರೆ. ನಾನೂ ಹಾಗೇ ಲೆಕ್ಕ ಹಾಕಿದ್ದೆ. ಹಾಕಿದ ಎರಡೇ ದಿನಕ್ಕೆ ಬಾದಲ್ ಮತ್ತೆ ಬಾಯಿ ತೆರೆಯತೊಡಗಿದ. ಲಗಾಮು ಮುಟ್ಟುವ ಮೊದಲೇ ತೆರೆಯುತ್ತಿದ್ದ. ಮತ್ತೆ ಬಾಯಿ ನೋಡಿದೆ. ಅವನ ನಾಲಿಗೆ ದಪ್ಪ, ಅಂಗುಳ ತಗ್ಗು. ಬಾಯಿ ಮುಚ್ಚಿದರೆ ನಾಲಿಗೆಗೂ ಅಂಗುಳಕ್ಕೂ ನಡುವೆ ಜಾಗವೇ ಇಲ್ಲ. ಅಷ್ಟು ದಪ್ಪದ್ದನ್ನು ಇಟ್ಟುಕೊಂಡು ಬಾಯಿ ಮುಚ್ಚುವುದಾದರೂ ಹೇಗೆ? ನಾವು ಬಾಯಲ್ಲಿ ಇಡೀ ನಿಂಬೆಹಣ್ಣು ಇಟ್ಟುಕೊಂಡು ಮಾತಾಡಿದ ಹಾಗೆ. ಅದನ್ನು ಆ ದಿನವೇ ತೆಗೆದುಹಾಕಿದೆ.

ಮುಂದಿನದನ್ನು ಒಂದೊಂದಾಗಿ ಕೂತು ಯೋಚಿಸಿದೆ. ನಡುವೆ ಕೀಲಿರುವ ಕಡಿವಾಣ ಎಳೆದಾಗ ಅಡಕತ್ತರಿಯಂತೆ ಮಡಚುತ್ತದೆ, ಎರಡೂ ಬದಿಯ ಮೂಳೆಯಂಚಿಗೆ ಬೀಳುತ್ತದೆ. ಬಾದಲ್‌ಗೆ ಅಲ್ಲೇ ಗಂಟು. ಹಾಗಾಗಿ ಬೇಡ. ಗಾಡಿಗಳಿಗೆ ಹೆಸರಾದ ನಾಲ್ಕು ಉಂಗುರದ ವಿಲ್ಸನ್ ಸ್ನ್ಯಾಫಲ್‌ಗೂ ಇದೇ ಮಾತು, ಅದಕ್ಕೂ ಕೀಲಿದೆ, ಮೇಲಾಗಿ ಒಳ ಉಂಗುರಗಳು ಕೆನ್ನೆಯನ್ನು ಒತ್ತುತ್ತವೆ. ನಡುವೆ ಕಮಾನಿನಂತೆ ಎದ್ದಿರುವ ಕಡಿವಾಣ ನಾಲಿಗೆಗೆ ಜಾಗ ಕೊಡುತ್ತದೆ, ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ನಾಲಿಗೆ ಬಿಟ್ಟ ಭಾರ ಎಲ್ಲಿಗೆ ಹೋಗುತ್ತದೆ? ಮತ್ತೆ ಅದೇ ಮೂಳೆಯಂಚಿಗೆ. ಅವನ ನಾಲಿಗೆಯಲ್ಲಿ ಗಾಯ ಇರಲಿಲ್ಲ, ಗಾಯ ಇದ್ದದ್ದು ಬದಿಗಳಲ್ಲಿ. ಹಾಗಾಗಿ ಭಾರವನ್ನು ನಾಲಿಗೆಯೇ ಹೆಚ್ಚಾಗಿ ಹೊರಬೇಕು, ಬದಿಗಳು ಕಡಿಮೆ ಹೊರಬೇಕು. ಇದಕ್ಕೆ ಒಪ್ಪುವುದು ಕೀಲಿಲ್ಲದ, ಬಿಲ್ಲಿನಂತೆ ತುಸುವೇ ಬಾಗಿದ, ನುಣುಪಾದ ಕಂಬಿ. ದಪ್ಪ 14 ಮಿಲಿಮೀಟರ್ ಸಾಕು.

ಅಂಥ ಕಂಬಿಯಿರುವ ಲಿವರ್‌ಪೂಲ್ ಕಡಿವಾಣ ತರಿಸಿದೆವು. ಕುದುರೆ ಸಾಮಾನಿಗೆ ಹೆಸರಾದ ಕಾನ್ಪುರದ ಕಡೆಯಿಂದ ಬಂತು. ಗಾಡಿ ಕುದುರೆಗೆ ಲಿವರ್‌ಪೂಲ್ ಹಳೆಯ, ತುಂಬಾ ಬಳಕೆಯಲ್ಲಿರುವ ಮಾದರಿ. ಕಂಬಿಯ ಎರಡೂ ತುದಿಗೆ ಒಂದೊಂದು ಉಂಗುರ, ಉಂಗುರದಿಂದ ಕೆಳಗೆ ಇಳಿಬಿದ್ದ ನೇರ ತೋಳು, ತೋಳಿನಲ್ಲಿ ತೂತುಗಳು, ಗದ್ದದ ಕೆಳಗೆ ಒಂದು ಸರಪಳಿ. ಎಷ್ಟೋ ಲಿವರ್‌ಪೂಲ್‌ಗಳಲ್ಲಿ ಕಂಬಿಯ ಒಂದು ಮುಖ ನುಣುಪು, ಇನ್ನೊಂದು ಮುಖ ಗೀರುಗೀರಾಗಿರುತ್ತದೆ. ಗೀರಿರುವುದು ಬೇಡವೇ ಬೇಡ ಅಂತ ಮೊದಲೇ ಹೇಳಿದ್ದೆ.

ಇದರ ಗುಣ ಇರುವುದು ಲಗಾಮು ಎಲ್ಲಿ ಕಟ್ಟುತ್ತೀರಿ ಎಂಬುದರಲ್ಲಿ. ಬರೀ ಉಂಗುರಕ್ಕೆ ಕಟ್ಟಿದರೆ ಸನ್ನೆಕೋಲಿನ ಕೆಲಸವೇ ಇಲ್ಲ. ಕೈ ಎಷ್ಟು ಎಳೆಯಿತೋ ಬಾಯಿಗೆ ಅಷ್ಟೇ. ಉಂಗುರದೊಳಗಿನಿಂದ ತೋಳನ್ನು ಸುತ್ತಿ ಕಟ್ಟಿದರೆ ಸರಪಳಿ ತುಸು ಕೆಲಸ ಮಾಡುತ್ತದೆ. ಕೆಳಗಿನ ತೂತಿಗೆ ಕಟ್ಟಿದರೆ ಲೆಕ್ಕವೇ ಬೇರೆ. ನಮ್ಮ ಕಡಿವಾಣದಲ್ಲಿ ಕಂಬಿಯಿಂದ ಮೇಲೆ ಸರಪಳಿಯ ಕೊಂಡಿಗೆ 4 ಸೆಂಟಿಮೀಟರ್, ಕೆಳಗಿನ ತೂತಿಗೆ 8. ಕೈಯಲ್ಲಿ 1 ಕೆಜಿಯಷ್ಟು ಎಳೆದರೆ ಗದ್ದದ ಸರಪಳಿಗೆ 2 ಕೆಜಿಯಷ್ಟು ಬಿಗಿ, ಎರಡೂ ಸೇರಿ ಬಾಯಿಯ ಮೇಲೆ 3 ಕೆಜಿ. ಚಾಚಾ ಅಂಗಳದಲ್ಲೇ ಇದನ್ನು ತೋರಿಸಿದೆ. ಕಡಿವಾಣವನ್ನು ಅವರ ಮುಂಗೈಗೆ ಅಡ್ಡ ಇಟ್ಟು, ಸರಪಳಿ ಹಾಕಿ, ಮೊದಲು ಉಂಗುರದಿಂದ ಎಳೆದೆ. ಆಮೇಲೆ ಕೆಳಗಿನ ತೂತಿನಿಂದ ಅಷ್ಟೇ ಎಳೆದೆ. "ಅರೆ ಅಲ್ಲಾ!" ಅಂತ ಕೈ ಹಿಂದಕ್ಕೆ ತಗೊಂಡರು. ಕಾಂಟಾ ಲಗಾಮನ್ನು ಅದೇ ಮುಂಗೈಗೆ ಇಡಲು ನನಗೆ ಮನಸ್ಸಾಗಲಿಲ್ಲ. ಅವರೇ ಅದನ್ನು ಎತ್ತಿ ನೋಡಿ, ಹೆಬ್ಬೆರಳಿನಿಂದ ಮೊನೆ ಸವರಿ, ಬದಿಗಿಟ್ಟರು. ಮಾರನೇ ದಿನ ಕಮ್ಮಾರನ ಹತ್ತಿರ ಕೊಟ್ಟು ಬಡಿಸಿ ಹಾಕಿದರಂತೆ.

ಹಾಕುವ ಕ್ರಮಕ್ಕೂ ಗಮನ ಬೇಕು. ಕಂಬಿ ತುಟಿಯ ಮೂಲೆಗೆ ತಾಕಿ ಒಂದು ಸಣ್ಣ ಮಡಿಕೆ ಬಂದರೆ ಸಾಕು. ತೀರಾ ಕೆಳಗೆ ಬಿಟ್ಟರೆ ಗಂಡು ಕುದುರೆಯ ಕೋರೆಹಲ್ಲಿಗೆ ಹೊಡೆಯುತ್ತದೆ. ಸರಪಳಿಯನ್ನು ತಿರುಚಿ ತಿರುಚಿ ಚಪ್ಪಟೆಯಾಗುವಂತೆ ಮಾಡಿ ಗದ್ದದ ಕೆಳಗಿನ ತಗ್ಗಿನಲ್ಲಿ ಕೂರಿಸಬೇಕು. ಎರಡು ಬೆರಳು ಒಳಗೆ ಹೋಗಬೇಕು. ಲಗಾಮು ಎಳೆದಾಗ ತೋಳು ಸುಮಾರು 45 ಡಿಗ್ರಿ ತಿರುಗಿದ ಮೇಲೆ ಸರಪಳಿ ಬಿಗಿಯಬೇಕು, ಅದಕ್ಕೆ ಮೊದಲಲ್ಲ. ಹಾಕುವ ಮುಂಚೆ ಕಬ್ಬಿಣವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಅಂತಲೂ ಹೇಳಿದೆ. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಕಬ್ಬಿಣ ಯಾರಿಗೆ ಬೇಕು?

ರಸ್ತೆಗೆ ಬಂದದ್ದು

ಸೆಪ್ಟೆಂಬರ್ ಮೊದಲ ವಾರ, ಬೆಳಿಗ್ಗೆ ಐದೂವರೆಗೆ, ಖಾಲಿ ಟಾಂಗಾ. ಲಗಾಮು ಉಂಗುರಕ್ಕೆ. ನಾನು ಪಕ್ಕದಲ್ಲಿ ಕೂತಿದ್ದೆ. ಮೊದಲ ಬಲ ತಿರುವು ಬಂದಾಗ ಚಾಚಾ ಹೆಗಲು ಬಿಗಿಯಾದದ್ದು ನನಗೆ ಕಾಣಿಸಿತು. ಬಾದಲ್ ತಿರುಗಿದ. ತಲೆ ಎಸೆಯಲಿಲ್ಲ. ಸ್ವಲ್ಪ ಮುಂದೆ ಹಾಲಿನ ವ್ಯಾನ್ ಅಡ್ಡ ಬಂತು. "ಹೋ..." ಅಂದರು. ಬಾದಲ್ ಎರಡು ಹೆಜ್ಜೆ ಜಾಸ್ತಿ ಹಾಕಿ ನಿಂತ. ಬಾಯಿ ಮುಚ್ಚಿತ್ತು. ಕಂಬಿಯನ್ನು ಮೆಲ್ಲಗೆ ಚಪ್ಪರಿಸುತ್ತಿದ್ದ, ತುಟಿಯಂಚಿಗೆ ನೊರೆ ಬಂದಿತ್ತು. ಚಾಚಾ ಏನೂ ಮಾತಾಡಲಿಲ್ಲ. ಮೂಕಿಯ ಮೇಲಿಂದ ಬಗ್ಗಿ ಅವನ ಬೆನ್ನು ಸವರಿದರು.

ಎಲ್ಲವೂ ಸರಿಹೋಯಿತು ಅಂತ ಅಲ್ಲ. ಎರಡನೇ ವಾರ ಒಂದು ಮೆರವಣಿಗೆಯ ತಮಟೆ ಸದ್ದಿಗೆ ಹೆದರಿ ಹಳೇ ಚಾಳಿಗೆ ಹೋಗಿ ನುಗ್ಗಿದ. ದಸರಾ ಹತ್ತಿರ ಬರುತ್ತಿತ್ತು. ದೀಪ, ಜನ, ಬ್ಯಾಂಡು. ಚಾಚಾ ಕೆಳಗಿನ ತೂತಿಗೆ ಕಟ್ಟಲಾ ಅಂತ ಕೇಳಿದರು. ಬೇಡ ಅಂದೆ. ಅವರ ಅಳುಕನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ಹಬ್ಬದ ಹತ್ತು ದಿನ ಮಾತ್ರ ತೋಳು ಸುತ್ತಿ ಕಟ್ಟುವುದು, ಜನ ಒತ್ತಾಗಿರುವ ಸಂಜೆ ಏಳರಿಂದ ಒಂಬತ್ತರ ಹೊತ್ತಿನಲ್ಲಿ ಆ ರಸ್ತೆಗಳನ್ನೇ ಬಿಡುವುದು, ಅಂತ ಮಾತಾಯಿತು. ಎರಡನೆಯದು ಕಡಿವಾಣಕ್ಕಿಂತ ದೊಡ್ಡ ಸಹಾಯ ಮಾಡಿತು ಅಂತ ನನ್ನ ಅಂದಾಜು. ಹಬ್ಬ ಮುಗಿದ ಮರುದಿನವೇ ಲಗಾಮು ಉಂಗುರಕ್ಕೆ ಬಂತು.

ಜನವರಿಯಲ್ಲಿ ಮತ್ತೆ ಬಾಯಿ ನೋಡಿದೆ. ಬದಿಯ ಒಸಡು ಗುಲಾಬಿ ಬಣ್ಣಕ್ಕೆ ಬಂದಿತ್ತು, ಹುಣ್ಣಿನ ಗುರುತಿಲ್ಲ. ತುಟಿಯ ಮೂಲೆಯಲ್ಲಿ ಬಿಳಿ ಕಲೆ ಉಳಿದಿದೆ, ಅದು ಹೋಗುವುದಿಲ್ಲ. ಎಡಗಡೆಯ ಮೂಳೆ ಗಂಟು ಹಾಗೇ ಇದೆ, ಒತ್ತಿದರೆ ಈಗ ತಲೆ ಎಳೆದುಕೊಳ್ಳುವುದಿಲ್ಲ. ಆರು ತಿಂಗಳಿಗೊಮ್ಮೆ ಹಲ್ಲು ಉಜ್ಜಿಸಬೇಕು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಮಗ ಗುರುತು ಹಾಕಿದ್ದಾನೆ.

ಕಡಿವಾಣ ಕೈಗೆ ತಗೊಂಡು ನೋಡಿದಾಗ ತೋಳಿನ ಕೆಳಗಿನ ತೂತುಗಳು ಕಾಣಲಿಲ್ಲ. ಎರಡರಲ್ಲೂ ಚರ್ಮದ ತುಂಡು ತುರುಕಿ, ಮೇಲೆ ದಾರ ಸುತ್ತಿ ಬಿಗಿಯಾಗಿ ಹೊಲಿದಿತ್ತು. ಏನು ಚಾಚಾ ಇದು ಅಂದೆ. "ಭಾನುವಾರ ಮಗ ಓಡಿಸ್ತಾನಲ್ಲ ಡಾಕ್ಟ್ರಮ್ಮ, ಅವನ ಕೈ ಇನ್ನೂ ಗಡಸು. ಅರ್ಜೆಂಟಲ್ಲಿ ಕೆಳಗೆ ಕಟ್ಟಿಬಿಟ್ಟಾನು ಅಂತ ಮುಚ್ಚಿಟ್ಟೆ" ಅಂದರು.